ಕ್ರೈಸ್ತಧರ್ಮದಲ್ಲಿ ನೆರೆಪ್ರೀತಿ: ಅನ್ಯಮತೀಯರೊಡನೆ ಬಾಳುವೆ

ನೆರೆಪ್ರೀತಿ: ತನ್ನನ್ನು ಪ್ರೀತಿಸಿಕೊಳ್ಳುವಂತೆಯೇ ನೆರೆಯವರನ್ನೂ ಪ್ರೀತಿಸಬೇಕೆಂಬುದು ಕ್ರೈಸ್ತಧರ್ಮದ ಎರಡು ಹಿರಿಯ ಆಜ್ಞೆಗಳಲ್ಲಿ ಒಂದು. ಇನ್ನೊಂದು ದೇವರ ಮೇಲಣ ಪ್ರೀತಿ. ಈ ನೆರೆಯವರಲ್ಲಿ ಕ್ರಿಸ್ತನನ್ನು ನಂಬದವರೂ ಸೇರುತ್ತಾರೆಯೆ, ಸೇರಿದರೆ ಅವರಿಗೆ ಸಲ್ಲಬೇಕಾದ ಪ್ರೀತಿ ಯಾವ ಬಗೆಯದು ಎಂಬ ಪ್ರಶ್ನೆ ಆ ಧರ್ಮದಷ್ಟೇ ಹಳೆಯದು.

ಕರ್ನಾಟಕದಲ್ಲಿ ಈ ಪ್ರಶ್ನೆ ದಿನನಿತ್ಯದ್ದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇಕಡ 1.87, ಅಂದರೆ ಸುಮಾರು 11.4 ಲಕ್ಷ. ಇಲ್ಲಿನ ಕ್ರೈಸ್ತರ ನೆರೆಹೊರೆಯೆಂದರೆ ಬಹುಪಾಲು ಹಿಂದೂಗಳು, ಮುಸ್ಲಿಮರು, ಜೈನರು. ಬೆಂಗಳೂರಿನ ಹಳೆಯ ಪೇಟೆಯೇ ಇದಕ್ಕೆ ಸಾಕ್ಷಿ. ಅಕ್ಕಿಪೇಟೆಯ ಪಕ್ಕದ ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾ ಇದೆ. ಧರ್ಮರಾಯಸ್ವಾಮಿಯ ಕರಗ ಪ್ರತಿವರ್ಷ ಅಲ್ಲಿಗೆ ಹೋಗಿಯೇ ಮುಂದೆ ಸಾಗುತ್ತದೆ. ಪೇಟೆಯ ಇನ್ನೊಂದು ಮಗ್ಗುಲಲ್ಲಿ, ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ನಡುವೆ, ರೈಸ್ ಸ್ಮಾರಕ ಚರ್ಚ್ ಇದೆ. ನೆರೆಯವರು ಇಂಥವರೇ ಇರಲಿ ಎಂದು ಆರಿಸಿಕೊಳ್ಳುವ ಅವಕಾಶ ಇಂಥ ಊರಿನಲ್ಲಿ ಯಾರಿಗೂ ಇಲ್ಲ.

ಪದ ಮತ್ತು ಪರಿಕಲ್ಪನೆ

ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಈ ಪ್ರೀತಿಗೆ 'ಅಗಾಪೆ' ಎಂಬ ಪದವಿದೆ. ಗೆಳೆತನಕ್ಕೆ 'ಫಿಲಿಯಾ', ಮೋಹಕ್ಕೆ 'ಎರೋಸ್' ಎಂಬ ಬೇರೆ ಪದಗಳಿದ್ದವು. ಅಗಾಪೆಯಲ್ಲಿ ಎದುರಿನವರ ಗುಣ, ಕುಲ, ಉಪಕಾರಸ್ಮರಣೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅವರ ಒಳಿತನ್ನು ಬಯಸಿ ಅದಕ್ಕಾಗಿ ದುಡಿಯುವುದೇ ಅದರ ತಿರುಳು. ಲ್ಯಾಟಿನ್ ಪರಂಪರೆ ಇದನ್ನು 'ಕಾರಿತಾಸ್' ಎಂದಿತು. ಕನ್ನಡ ಬೈಬಲ್ ಇದಕ್ಕೆ ಆರಿಸಿಕೊಂಡದ್ದು 'ಪ್ರೀತಿ' ಎಂಬ ಮನೆಮಾತಿನ ಪದ. ಅತಿಥಿ ಸತ್ಕಾರಕ್ಕೆ ಗ್ರೀಕಿನಲ್ಲಿರುವ 'ಫಿಲೊಕ್ಸೆನಿಯಾ' ಎಂಬ ಪದದ ಅರ್ಥ ಪರಕೀಯರ ಮೇಲಣ ಪ್ರೀತಿ ಎಂದೇ.

ಧರ್ಮಗ್ರಂಥದ ನೆಲೆ

ನೆರೆಪ್ರೀತಿಯ ಆಜ್ಞೆ ಮೊದಲು ಬರುವುದು ಯೆಹೂದ್ಯರ ತೋರಾದಲ್ಲಿ, ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ. ಅಲ್ಲಿ ಒಂದು ವಚನ ಸ್ವಜನರನ್ನು ಕುರಿತು ಹೇಳಿದರೆ, ಅದೇ ಅಧ್ಯಾಯದ ಮುಂದಿನ ವಚನವೊಂದು ನಾಡಿನಲ್ಲಿ ನೆಲೆಸಿದ ಪರದೇಶಿಗೂ ಅದೇ ಪ್ರೀತಿಯನ್ನು ವಿಧಿಸುತ್ತದೆ. ಇಸ್ರಾಯೇಲರು ತಾವೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರೆಂಬುದೇ ಅದಕ್ಕೆ ಕೊಟ್ಟ ಕಾರಣ. ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವೂ ಇದೇ ದಾರಿಯದು: ಸೆರೆಯೊಯ್ದವರ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು ಅವನು ಸೂಚಿಸುತ್ತಾನೆ.

ಯೇಸು ಈ ಆಜ್ಞೆಯ ಎಲ್ಲೆಯನ್ನು ತೀರ ಹಿಗ್ಗಿಸಿದನು. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ವೈರಿಗಳನ್ನೂ ಪ್ರೀತಿಸಬೇಕೆಂಬ ಬೋಧನೆಯಿದೆ. ದೇವರು ಬಿಸಿಲು ಮಳೆಗಳನ್ನು ಒಳ್ಳೆಯವರು ಕೆಟ್ಟವರೆಂದು ನೋಡದೆ ಎಲ್ಲರಿಗೂ ಕೊಡುತ್ತಾನೆಂಬುದು ಅದಕ್ಕೆ ಆಧಾರ. ಲೂಕನ 10ನೆಯ ಅಧ್ಯಾಯದ ಸಮಾರ್ಯದವನ ಸಾಮತಿ ಇದರ ಕಥಾರೂಪ. ದರೋಡೆಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಅವನ ಮತದವರೇ ಆದ ಯಾಜಕನೂ ಲೇವಿಯನೂ ಕಂಡು ಬಳಸಿ ಹೋಗುತ್ತಾರೆ. ಯೆಹೂದ್ಯರು ಮತಭ್ರಷ್ಟರೆಂದು ದೂರವಿಟ್ಟಿದ್ದ ಸಮಾರ್ಯದವನೊಬ್ಬ ಅವನ ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಸುರಿದು, ಬಟ್ಟೆ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ; ಮರುದಿನ ಛತ್ರದವನ ಕೈಗೆ ಎರಡು ನಾಣ್ಯವಿತ್ತು, ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ತೀರಿಸುವೆನೆನ್ನುತ್ತಾನೆ. ನೆರೆಯವನು ಯಾರು ಎಂದು ಶಾಸ್ತ್ರಿಯೊಬ್ಬ ಕೇಳಿದ್ದಕ್ಕೆ ಬಂದ ಉತ್ತರ ಈ ಕಥೆ. ಇಲ್ಲಿ ಪ್ರೀತಿಯನ್ನು ಕಲಿಸುವ ಗುರುವೇ ಮತದ ಹೊರಗಿನವನು ಎಂಬುದು ಗಮನಿಸಬೇಕಾದ ಅಂಶ.

ಲೂಕನ 6ನೆಯ ಅಧ್ಯಾಯದಲ್ಲಿ ವೈರಿಗಳ ಪ್ರೀತಿಯಿಂದ ಆರಂಭವಾಗುವ ಭಾಗ ಧಾನ್ಯದ ಅಳತೆಯ ಹೋಲಿಕೆಯೊಂದಿಗೆ ಮುಗಿಯುತ್ತದೆ. ಅಕ್ಕಿ, ರಾಗಿಯನ್ನು ಸೇರು, ಬಳ್ಳ, ಕೊಳಗಗಳಲ್ಲಿ ಅಳೆದು ಮಾರುತ್ತಿದ್ದ ಕಾಲವನ್ನು ಬಲ್ಲ ಪೇಟೆಯವರಿಗೆ ಇದು ಬಿಡಿಸಿ ಹೇಳಬೇಕಾದ ಹೋಲಿಕೆಯಲ್ಲ. ಸೇರಿಗೆ ಅಕ್ಕಿ ಸುರಿದು ಬಾಯಿಮಟ್ಟಕ್ಕೆ ಅಂಗೈಯಿಂದ ಸವರಿದರೆ ಅದು ಲೆಕ್ಕದ ಅಳತೆ. ಅದೇ ಸೇರನ್ನು ನೆಲಕ್ಕೆ ಕುಟ್ಟಿ, ಕಾಳು ಇಳಿದ ಮೇಲೆ ಇನ್ನೊಂದು ಬೊಗಸೆ ಹಾಕಿ, ಬಾಯ ಮೇಲೆ ಗೋಪುರವೆದ್ದು ಸುತ್ತ ಕಾಳು ಉದುರುವಂತೆ ಅಳೆದರೆ ಅದು ಕೊಡುವವರ ಮನಸ್ಸಿನ ಅಳತೆ. ಹೊರಗಿನವರಿಗೂ ಈ ಎರಡನೆಯ ಅಳತೆಯಲ್ಲೇ ಕೊಡಬೇಕೆಂಬುದು ಆ ಭಾಗದ ಸಾರ.

ಆದರೆ ಹೊಸ ಒಡಂಬಡಿಕೆಯಲ್ಲಿ ಇನ್ನೊಂದು ಒತ್ತೂ ಇದೆ. ಯೋಹಾನನ ಬರಹಗಳು ವಿಶ್ವಾಸಿಗಳು ತಮ್ಮತಮ್ಮೊಳಗೆ ಪ್ರೀತಿಸುವುದನ್ನೇ ಮುಖ್ಯವಾಗಿ ಹೇಳುತ್ತವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಎಲ್ಲರಿಗೂ ಒಳ್ಳೆಯದನ್ನು ಮಾಡಿರಿ, ವಿಶ್ವಾಸದ ಮನೆತನದವರಿಗೆ ಇನ್ನೂ ವಿಶೇಷವಾಗಿ ಮಾಡಿರಿ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಮನೆಯವರಿಗೋ ಎಲ್ಲರಿಗೋ ಎಂಬ ಎಳೆದಾಟ ಮುಂದಿನ ಕ್ರೈಸ್ತ ಚಿಂತನೆಯ ಉದ್ದಕ್ಕೂ ನಡೆದುಬಂದಿದೆ.

ಇತಿಹಾಸದಲ್ಲಿ

ಮೂರನೆಯ ಶತಮಾನದ ನಡುವೆ ಕಾರ್ಥೇಜಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ನಮ್ಮವರನ್ನಷ್ಟೇ ಉಪಚರಿಸಿದರೆ ಅದರಲ್ಲಿ ಹೆಚ್ಚೇನಿಲ್ಲ, ಅನ್ಯರನ್ನೂ ನೋಡಿಕೊಳ್ಳಬೇಕು ಎಂದು ಬಿಷಪ್ ಸಿಪ್ರಿಯನ್ ಸಭೆಗೆ ಬೋಧಿಸಿದ್ದನ್ನು ಅವನ ಚರಿತ್ರಕಾರ ದಾಖಲಿಸಿದ್ದಾನೆ. ಕ್ರೈಸ್ತರ ವಿರೋಧಿಯಾಗಿದ್ದ ರೋಮಿನ ಚಕ್ರವರ್ತಿ ಜೂಲಿಯನ್ 362ರಲ್ಲಿ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರ ಇದಕ್ಕಿಂತ ಬಲವಾದ ಸಾಕ್ಷಿ. ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾವು ಸುಮ್ಮನಿರುವುದು ನಾಚಿಕೆಗೇಡು ಎಂಬ ಅರ್ಥದಲ್ಲಿ ಬರೆದ ಅವನು, ಊರೂರಿಗೆ ಛತ್ರ ಕಟ್ಟಲು ಗೋಧಿ ಮತ್ತು ದ್ರಾಕ್ಷಾರಸವನ್ನು ಮಂಜೂರು ಮಾಡಿದನು. ಅದೇ ಶತಮಾನದಲ್ಲಿ ಕೈಸರೇಯದ ಬಿಷಪ್ ಬಸಿಲನು ರೋಗಿಗಳಿಗೂ ಕುಷ್ಠಪೀಡಿತರಿಗೂ ದಾರಿಹೋಕರಿಗೂ ದೊಡ್ಡ ಆಶ್ರಯಧಾಮ ಕಟ್ಟಿಸಿದನು.

ಅಧಿಕಾರ ಕೈಸೇರಿದ ಮೇಲೆ ಇದೇ ಧರ್ಮದ ಹೆಸರಿನಲ್ಲಿ ಕ್ರೌರ್ಯವೂ ನಡೆಯಿತು. ಕನ್ನಡನಾಡಿಗೆ ಹತ್ತಿರದ ಉದಾಹರಣೆ 1560ರಲ್ಲಿ ಗೋವೆಯಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆ. ಪೋರ್ಚುಗೀಸರ ಆಳ್ವಿಕೆಯ ಒತ್ತಡ ತಾಳಲಾರದೆ ಹಿಂದೂಗಳೂ ಕ್ರೈಸ್ತರೂ ಕೆನರಾ ಕರಾವಳಿಗೆ ವಲಸೆ ಬಂದರು. ಅಳೆದು ನೋಡಿದರೆ ಇನ್‌ಕ್ವಿಸಿಷನ್ ಸುವಾರ್ತೆಯ ಪ್ರೀತಿಗೆ ನೇರ ವಿರುದ್ಧವಾದ ನಡೆ; ಈ ವಿಷಯವನ್ನು ಬರೆಯುವಾಗ ಅದನ್ನು ಮುಚ್ಚಿಡಬಾರದು.

ಬೆಂಗಳೂರು ಪೇಟೆಯಲ್ಲಿ

19ನೆಯ ಶತಮಾನದಲ್ಲಿ ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್‌ಗಳು ಬೆಂಗಳೂರಿನ ಕನ್ನಡ ಪೇಟೆಯಲ್ಲಿ ನೆಲೆಯೂರಿದವು. 1837ರಲ್ಲಿ ಬಂದ ಬೆಂಜಮಿನ್ ರೈಸ್ 1887ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಐವತ್ತು ವರ್ಷ ಇಲ್ಲೇ ದುಡಿದರು. ಅವೆನ್ಯೂ ರಸ್ತೆಯ ಚರ್ಚ್ ಅವರ ಹೆಸರನ್ನೇ ಹೊತ್ತಿದೆ. ಹೆಣ್ಣುಮಕ್ಕಳನ್ನು ಓದಿಗೆ ಕಳಿಸುವುದು ಅಪರೂಪವಾಗಿದ್ದ 1840ರ ದಶಕದಲ್ಲೇ ಪೇಟೆಯ ಕನ್ನಡ ಹುಡುಗಿಯರಿಗೆ ಮಿಷನರಿಗಳ ಮಡದಿಯರು ಶಾಲೆ ತೆರೆದರು. ವೆಸ್ಲಿಯನ್ ಮಿಷನ್‌ನ ಶಿಕ್ಷಣತಜ್ಞ ಜೋಸಯಾ ಹಡ್ಸನ್ ಅವರ ನೆನಪಿಗೆ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚ್ ಇಂದು ನಗರಪಾಲಿಕೆ ಕಚೇರಿಯ ಎದುರಿನ ವೃತ್ತದ ಗುರುತಾಗಿದೆ. ಮಿಷನ್ ಶಾಲೆಗಳಲ್ಲಿ ಕಲಿತವರಲ್ಲಿ ಬಹುಪಾಲು ಮಕ್ಕಳು ಹಿಂದೂ ಮನೆಗಳವರಾಗಿದ್ದು, ಹಾಗೆಯೇ ಉಳಿದರು.

ಈ ಪೇಟೆಗೆ ಸಂಬಂಧಿಸಿದ ಒಂದು ಪುಸ್ತಕವನ್ನು ಹತ್ತಿರದಿಂದ ನೋಡಬೇಕು. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಭಗವದ್ಗೀತೆ ಹೊರಬಂತು. ಸಿದ್ಧಪಡಿಸಿದವರು ಮಿಷನರಿ ಜಾನ್ ಗ್ಯಾರೆಟ್. ಸಂಸ್ಕೃತ ಮೂಲ, ಹೊಸದಾಗಿ ಮಾಡಿಸಿದ ಕನ್ನಡ ಅನುವಾದ, ಚಾರ್ಲ್ಸ್ ವಿಲ್ಕಿನ್ಸ್‌ನ ಇಂಗ್ಲಿಷ್ ಅನುವಾದ ಈ ಮೂರೂ ಅದರಲ್ಲಿ ಅಕ್ಕಪಕ್ಕದ ಅಂಕಣಗಳಲ್ಲಿ ನಿಂತಿವೆ. ಸುವಾರ್ತೆ ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲೇ ಕೃಷ್ಣಾರ್ಜುನರ ಸಂವಾದಕ್ಕೂ ಮೊಳೆ ಜೋಡಿಸಿದ್ದಾರೆ. ಗ್ಯಾರೆಟ್ ಗೀತೆಯ ಮತವನ್ನು ಒಪ್ಪಿದವರಲ್ಲ. ಆದರೂ ನೆರೆಯವರು ಪೂಜಿಸುವ ಗ್ರಂಥವನ್ನು ಅವರ ಭಾಷೆಯಲ್ಲಿಯೇ, ಸಮಾನ ಅಂಕಣದಲ್ಲಿ ಇರಿಸಿದ್ದು ಗೌರವದ ನಡೆ. ಪ್ರೀತಿಯ ಮೊದಲ ಮೆಟ್ಟಿಲು ಈ ಗೌರವವೇ.

ಬರ, ರೋಗ, ಆಸ್ಪತ್ರೆ

ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ (1876–78) ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದೊಳಕ್ಕೆ ಇಳಿಯಿತು. ತಂದೆತಾಯಿ ಸತ್ತು ಬೀದಿಯಲ್ಲಿ ಉಳಿದ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯ ನಡೆಸಿತು. ಕ್ಯಾಥೊಲಿಕ್ ಸಂಘಗಳೂ ಇಂಥ ಕೆಲಸಕ್ಕೆ ಇಳಿದವು. ಆ ಮಕ್ಕಳು ಬದುಕಿದರು, ಕ್ರೈಸ್ತರಾಗಿಯೇ ಬೆಳೆದರು. ಅಕ್ಕಿಗಾಗಿ ಕ್ರೈಸ್ತರಾದವರು ಎಂಬ ಮೂದಲಿಕೆ ಹುಟ್ಟಿಕೊಂಡದ್ದು ಇಂಥ ಸಂದರ್ಭಗಳಲ್ಲೇ. ಹಸಿದ ಮಗುವಿಗೆ ಗಂಜಿ ಕೊಟ್ಟದ್ದು ತಪ್ಪೆಂದು ಯಾರೂ ಹೇಳಲಾರರು. ಗಂಜಿಯ ಜೊತೆಗೆ ಬಂದ ಹೆಸರು ಮತ್ತು ದೇವರನ್ನು ಆರಿಸಿಕೊಳ್ಳುವ ವಯಸ್ಸು ಆ ಮಗುವಿಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆಸ್ಪತ್ರೆಗಳ ಕಥೆ ಇಷ್ಟು ತೊಡಕಿನದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮರದ ನೆರಳಿನಲ್ಲಿ ಹೋಮಿಯೋಪಥಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ, ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಅವರ ಕೆಲಸದಿಂದ ಬೆಳೆದ ಉಡುಪಿಯ ಮಿಷನ್ ಆಸ್ಪತ್ರೆ 1923ರಲ್ಲಿ ಆರಂಭವಾದವು. ಕರಾವಳಿಯಿಂದ ಬಯಲುಸೀಮೆಯವರೆಗೆ ಎಷ್ಟೋ ಹಿಂದೂ, ಮುಸ್ಲಿಂ ಮನೆಗಳ ಕೂಸುಗಳು ಮಿಷನ್ ಆಸ್ಪತ್ರೆಗಳಲ್ಲೇ ಕಣ್ಣು ಬಿಟ್ಟಿವೆ.

ಬೆಂಗಳೂರಿನ ಹೊಸೂರು ರಸ್ತೆಯ ವೃದ್ಧಾಶ್ರಮವನ್ನು 1900ರಿಂದ ನಡೆಸುತ್ತಿರುವ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಸಂಘದ ಪದ್ಧತಿ ಇನ್ನಷ್ಟು ಆಳವಾದುದು. ಅಂಗಡಿಗಳಿಗೆ, ಮಾರುಕಟ್ಟೆಗಳಿಗೆ ಹೋಗಿ ದವಸ, ತರಕಾರಿ ಬೇಡಿ ತಂದು ಗತಿಯಿಲ್ಲದ ಮುದುಕರನ್ನು ಸಾಕುವುದು ಅದರ ಸ್ಥಾಪಕಿ, ಫ್ರಾನ್ಸಿನ ಜಾನ್ ಜುಗಾನ್ (1792–1879) ಹಾಕಿಕೊಟ್ಟ ದಾರಿ. ಇಂಥಲ್ಲಿ ಕೊಡುವ ಕೈ, ಬೇಡುವ ಕೈ, ಉಣ್ಣುವ ಕೈ ಮೂರೂ ಬೇರೆ ಬೇರೆ ಮತದವಾಗಿರಬಹುದು. ದಾನ ಮಾಡುವವರೆಂಬ ಹಿರಿಮೆಯನ್ನು ಸೇವೆ ಮಾಡುವವರೇ ಬಿಟ್ಟುಕೊಟ್ಟಿದ್ದಾರೆ. ಮಾಗಡಿ ರಸ್ತೆಯ ಸುಮನಹಳ್ಳಿಯದೂ ಇಂಥದೇ ಕೂಡುಕೆಲಸ. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದಲ್ಲಿ ಸರ್ಕಾರ ನೆಲ ಕೊಟ್ಟಿತು, ಬೆಂಗಳೂರಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಹೊಣೆ ಹೊತ್ತಿತು. ಬೀದಿಯಲ್ಲಿ ಬೇಡುತ್ತಿದ್ದ ಕುಷ್ಠರೋಗಿಗಳಿಗೆ ಚಿಕಿತ್ಸೆ, ಕಸುಬು, ಮನೆ ದೊರೆತವು.

ಭಾಷೆಯ ಮೂಲಕ

ಅನ್ಯಮತೀಯರ ಬಗೆಗಿನ ಪ್ರೀತಿ ಕನ್ನಡದಲ್ಲಿ ಪಡೆದ ಅತ್ಯಂತ ಗಟ್ಟಿಯಾದ ರೂಪ ಭಾಷಾಸೇವೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. ಬಳಿಕ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ತಂಬೂರಿಯೊಡನೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಹರಿದಾಸರ ಹಾಡುಗಳು ಹೀಗೆ ಪುಸ್ತಕವಾದವು. ಫರ್ಡಿನಂಡ್ ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿಗೆ ತಂದರು. ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಬೆಂಜಮಿನ್ ರೈಸರ ಮಗ ಬಿ. ಎಲ್. ರೈಸ್ ಸಂಸ್ಥಾನದ ಅಧಿಕಾರಿಯಾಗಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಇನ್ನೊಬ್ಬ ಮಗ, ಮಿಷನರಿ ಇ. ಪಿ. ರೈಸ್ 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಇವರಲ್ಲಿ ಮಿಷನರಿಗಳಾಗಿದ್ದವರು ಮತಪ್ರಚಾರದ ಉದ್ದೇಶವನ್ನು ಎಂದೂ ಮುಚ್ಚಿಟ್ಟವರಲ್ಲ. ಆದರೂ ಒಂದು ಭಾಷೆಯ ಗಾದೆ, ಬೈಗುಳ, ಜೋಗುಳಗಳನ್ನು ಪದಪದವಾಗಿ ಕಲಿಯುತ್ತ ಹೋದವರಿಗೆ ಅದನ್ನಾಡುವ ಜನರು ಕ್ರಮೇಣ ಹೊರಗಿನವರಾಗಿ ಉಳಿಯುವುದಿಲ್ಲ. ಕಿಟೆಲ್ ನಿಘಂಟಿನ ಹಿಂದಿನ ದಶಕಗಳ ತಾಳ್ಮೆ ಬರಿಯ ಪ್ರಚಾರದ ಹುರುಪಿನಿಂದ ಹುಟ್ಟುವಂಥದಲ್ಲ.

ಈ ಪರಂಪರೆಯನ್ನು ಒಳಗಿನಿಂದಲೇ ಪೂರ್ಣಗೊಳಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962). ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಬೋಧಕರಾಗಿದ್ದ ಅವರು ಊರೂರು ಸುತ್ತುತ್ತ ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದಲೂ ಹಸ್ತಪ್ರತಿಗಳಿಂದಲೂ ಒಟ್ಟುಮಾಡಿ 1924ರಲ್ಲಿ ಪ್ರಕಟಿಸಿದರು. ಬೋಧಿಸಲು ಹೋದ ಪಾದ್ರಿ ಹಳ್ಳಿಯ ಜಗಲಿಯಲ್ಲಿ ಕೇಳುವವನಾಗಿ ಕುಳಿತದ್ದರ ಫಲ ಈ ಗ್ರಂಥ. ವಚನಗಳ ಸಂಪಾದನೆಗೂ ಅನುಭವಮಂಟಪದ ಐತಿಹಾಸಿಕತೆಯ ಶೋಧನೆಗೂ ಅವರು ಬಾಳನ್ನು ಸವೆಸಿದರು. ಕನ್ನಡಿಗರು ಅವರನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಕ್ರಿಸ್ತನಲ್ಲಿ ನಂಬಿಕೆಯಿಟ್ಟುಕೊಂಡೇ ಶರಣರನ್ನು ಮನಸಾರೆ ಪ್ರೀತಿಸಬಹುದೆಂದು ಬಾಳಿ ತೋರಿಸಿದವರು ಅವರು.

ಸಂವಾದದ ಚಿಂತನೆ

20ನೆಯ ಶತಮಾನದಲ್ಲಿ ಕ್ರೈಸ್ತ ಸಭೆಗಳು ಈ ವಿಷಯವನ್ನು ಹೊಸದಾಗಿ ಚಿಂತಿಸಿದವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆ ಇತರ ಧರ್ಮಗಳಲ್ಲಿ ಸತ್ಯವಾಗಿ ಪವಿತ್ರವಾಗಿ ಇರುವುದನ್ನು ಸಭೆ ತಳ್ಳಿಹಾಕುವುದಿಲ್ಲವೆಂದು ಸಾರಿತು. ಬೆಂಗಳೂರು ಇಂಥ ಚಿಂತನೆಯ ಕೇಂದ್ರಗಳಲ್ಲೊಂದಾಯಿತು. ಪಿ. ಡಿ. ದೇವನಂದನ್ 1957ರಲ್ಲಿ ಇಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಕ್ರೈಸ್ತ ಸಂಸ್ಥೆಯೊಂದನ್ನು ಕಟ್ಟಿದರು. ಅವರ ಬಳಿಕ ಎಂ. ಎಂ. ಥಾಮಸ್ ಅದನ್ನು ನಡೆಸಿದರು.

ಕನ್ನಡನಾಡಿನ ಮಗ ಸ್ಟ್ಯಾನ್ಲಿ ಸಮರ್ಥ (1920–2001) ಈ ಚಿಂತನೆಯನ್ನು ಜಗತ್ತಿಗೆ ಒಯ್ದರು. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು 1971ರಲ್ಲಿ ಜಿನೀವಾದ ಚರ್ಚುಗಳ ವಿಶ್ವಮಂಡಲಿಯ ಸರ್ವಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಆ ಮಂಡಲಿ 1979ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಸಂವಾದವನ್ನು ನೆರೆಪ್ರೀತಿಯ ಆಜ್ಞೆಗೆ ತೋರುವ ವಿಧೇಯತೆಯಾಗಿ ಕಾಣುತ್ತವೆ. ನೆರೆಯವರ ಧರ್ಮವನ್ನು ಸರಿಯಾಗಿ ತಿಳಿಯದೆ ಮಾತಾಡುವುದು ಅವರ ಮೇಲೆ ಸುಳ್ಳುಸಾಕ್ಷಿ ಹೇಳಿದಂತೆ ಎಂಬ ಎಚ್ಚರವೂ ಅಲ್ಲಿದೆ.

ಮತಾಂತರದ ಪ್ರಶ್ನೆ

ನಿನ್ನ ಒಳಿತನ್ನು ಬಯಸುತ್ತೇನೆ ಎನ್ನುವ ಕ್ರೈಸ್ತರು, ಕ್ರಿಸ್ತನನ್ನು ಅರಿಯುವುದೇ ಮಹಾ ಒಳಿತೆಂದೂ ನಂಬುತ್ತಾರೆ. ಆದ್ದರಿಂದ ಈ ಪ್ರೀತಿ ನಿಜವಾದುದೋ ಅಥವಾ ಮತ ಬದಲಿಸುವ ಉಪಾಯವೋ ಎಂಬ ಸಂದೇಹ ನೆರೆಯವರಿಗೆ ಬರುವುದು ಸಹಜ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ತಲ್ಲಣಿಸಿತು. ಅದು ಅವರ ಸ್ವಂತ ನಿರ್ಧಾರ. ಮಗನನ್ನು ಕಳೆದುಕೊಂಡೆವೆಂದು ಅತ್ತ ಮನೆಯವರ ನೋವೂ ನಿಜ. 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ಧರ್ಮವನ್ನು ಪ್ರಸಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಹೇಳಿತು. ಕರ್ನಾಟಕದ 2022ರ ಮತಾಂತರ ಕಾಯ್ದೆ ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಸಭೆಗಳೂ ತಮ್ಮನ್ನು ತಿದ್ದಿಕೊಂಡಿವೆ. ಪ್ರೀತಿಗೆ ಬೆಲೆ ಕಟ್ಟಬಾರದು, ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಬಾರದು ಎಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ 2005ರ 'ದೇವುಸ್ ಕಾರಿತಾಸ್ ಎಸ್ತ್' ಪರಿಪತ್ರದಲ್ಲಿ ಸ್ಪಷ್ಟಪಡಿಸಿದರು. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವಮಂಡಲಿ ಮತ್ತು ಇವ್ಯಾಂಜೆಲಿಕಲ್ ಒಕ್ಕೂಟ ಒಟ್ಟಾಗಿ ಹೊರಡಿಸಿದ ನೀತಿಸಂಹಿತೆ ಬಡತನವನ್ನೂ ಕೊರತೆಯನ್ನೂ ಬಳಸಿಕೊಂಡು ಆಮಿಷ ಒಡ್ಡುವುದನ್ನು ನಿಷೇಧಿಸಿತು. ಪೋಪ್ ಫ್ರಾನ್ಸಿಸ್ ಅವರ 2020ರ 'ಫ್ರತೆಲ್ಲಿ ತೂತ್ತಿ' ಇಡೀ ಅಧ್ಯಾಯವೊಂದನ್ನು ಸಮಾರ್ಯದವನ ಸಾಮತಿಗೆ ಮೀಸಲಿಟ್ಟಿತು.

ವೈರಿಪ್ರೀತಿಯ ಪರೀಕ್ಷೆಯೂ ಭಾರತದಲ್ಲಿ ನಡೆದಿದೆ. 1999ರಲ್ಲಿ ಒಡಿಶಾದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು, ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದ ಮೇಲೂ ಅಲ್ಲಿನ ಕ್ರೈಸ್ತ ಆಸ್ಪತ್ರೆಗಳಲ್ಲಿ ಎಲ್ಲ ಮತದ ರೋಗಿಗಳಿಗೂ ಚಿಕಿತ್ಸೆ ನಡೆದೇ ಇತ್ತು.

ಕೊಡುಕೊಳೆ

ಪ್ರೀತಿ ಒಂದೇ ಕಡೆಯಿಂದ ಹರಿದುದಲ್ಲ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಗಡಿನಾಡಿನ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಖಂಡಕಾವ್ಯ ಬರೆದರು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ ಜಾತ್ರೆಗೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಸಮಾರ್ಯದವನ ಕಥೆಯನ್ನು ಸರಿಯಾಗಿ ಓದಿದ ಕ್ರೈಸ್ತರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅಲ್ಲಿ ಪ್ರೀತಿ ಹೊರಗಿನವನಿಂದಲೇ ಬರುತ್ತದೆ.

ಮೌಲ್ಯ

ಎರಡು ಶತಮಾನಗಳ ಕನ್ನಡನಾಡಿನ ಅನುಭವದಿಂದ ಒಂದು ಮಾತು ಸ್ಥಿರವಾಗಿದೆ. ನೆರೆಯವರು ತಮ್ಮ ದೇವರೊಡನೆಯೇ ಉಳಿದಾಗಲೂ ಕಡಿಮೆಯಾಗದ ಪ್ರೀತಿಯಷ್ಟೇ ಇಲ್ಲಿ ಬಾಳಿದೆ. ಬೀದಿಯಲ್ಲಿ ನಿಂತು ಪರಮತವನ್ನು ಹಳಿದ ಕಿರುಹೊತ್ತಗೆಗಳನ್ನು ಇಂದು ಯಾರೂ ಹುಡುಕುವುದಿಲ್ಲ. ಕಿಟೆಲರ ನಿಘಂಟನ್ನೂ ಉತ್ತಂಗಿಯವರ ಸರ್ವಜ್ಞನನ್ನೂ ಓದುಗರು ದಿನವೂ ತೆರೆಯುತ್ತಾರೆ. ಬೇಕಾದ ಪದ ಸಿಕ್ಕಿತೇ, ತ್ರಿಪದಿ ಸಿಕ್ಕಿತೇ ಎಂದು ನೋಡುತ್ತಾರೆಯೇ ಹೊರತು ಕೊಟ್ಟವರ ಮತವನ್ನು ಕೇಳುವುದಿಲ್ಲ. ಸೇರಿನಿಂದ ಹೊರಚೆಲ್ಲಿದ ಕಾಳು ಅದು. ಅಳೆದವರ ಲೆಕ್ಕಕ್ಕೆ ಅದು ಮರಳಿ ಬರಲಿಲ್ಲ, ಊರಿಗೆಲ್ಲ ಉಣಿಸಾಯಿತು.